ಅಣಕವಾಡು: ಹಾಡಬಲ್ಲವನ ಹಕ್ಕು

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ಒಂದು ವಾರ್ಷಿಕೋತ್ಸವದ ದಿನ, ಕಂಪನಿ ನಾಟಕಗಳನ್ನು ಗೇಲಿಮಾಡುವ ಪ್ರಹಸನವೊಂದನ್ನು ಗೆಳೆಯರು ನಾಲ್ಕಾರು ಮಂದಿ ಕೂಡಿ ಆಡಿದ್ದೆವು. ನನ್ನದು ರಾಜನ ಪಾತ್ರ. ಎದೆಗೆ ಬಾಣ ನೆಟ್ಟ ರಾಜ ಪ್ರಾಣ ಬಿಡುವ ಮುನ್ನ ಹಾಡುತ್ತಾನೆ, ಸಾಯುತ್ತಾನೆ. ಸಭೆಯಿಂದ ‘ವನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ರಾಜ ಎದ್ದು ಕೂತು, ಬಾಣವನ್ನು ಸರಿಪಡಿಸಿಕೊಂಡು, ಹಾರ್ಮೋನಿಯಂ ಕಡೆಗೊಮ್ಮೆ ಕಣ್ಸನ್ನೆ ಮಾಡಿ, ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಹೀಗೆ ಮೂರು ಸಲ. ಬಹಳ ಹಳೆಯ ಹಾಸ್ಯ. ಆದರೂ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ರಾಗದ ಗಂಧವಿರಲಿಲ್ಲ. ಆಲಾಪನೆ ಬರಬೇಕಾದ ಕಡೆ ಕುರಿಯಂತೆ ಅರಚಿದೆ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದುದು ಅದಕ್ಕೇ.

ಅಂದು ನಮಗೆ ಹಾರ್ಮೋನಿಯಂ ನುಡಿಸಿದವರು ಒಬ್ಬ ವೃದ್ಧರು. ಹಿಂದೆ ಯಾವುದೋ ಕಂಪನಿಯಲ್ಲಿ ಬಹುಕಾಲ ಇದ್ದವರು. ಎಲ್ಲ ಮುಗಿದು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಅವರು ನನ್ನನ್ನು ಹತ್ತಿರ ಕರೆದು, “ಅಣಕ ಚೆನ್ನಾಗಿ ಮಾಡ್ದೆ ಕಣಪ್ಪ. ಈಗ ಅಸಲು ಹಾಡನ್ನ ಒಂದು ಸಲ ಹಾಡು, ಕೇಳೋಣ” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಕೇಳುವ ಆಸೆಯಿಂದಲೇ ಹೇಳಿದ ಹಾಗಿತ್ತು. ನಾನು ಹಲ್ಲುಗಿಂಜಿದೆ. ಅವರು ಸ್ವಲ್ಪ ಹೊತ್ತು ಕಾದು, ಪೆಟ್ಟಿಗೆಯನ್ನು ಮುಚ್ಚಿ, ಎತ್ತಿಕೊಂಡು ಹೊರಟುಹೋದರು.

ಈ ಪ್ರಸಂಗವನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಅಮೆರಿಕದಲ್ಲಿ ನೆಲೆಸಿರುವ ಬಂಧುವೊಬ್ಬರು ‘ಫರ್ಬಿಡನ್ ಬ್ರಾಡ್‌ವೇ’ ಎಂಬ ಅಣಕವಾಡುಗಳ ಪ್ರದರ್ಶನದ ಧ್ವನಿಮುದ್ರಿಕೆಗಳನ್ನು ನನಗೆ ಕಳಿಸಿಕೊಟ್ಟರು. ಸಂಗೀತ ನಾಟಕಗಳನ್ನು ಸಂಗೀತದಿಂದಲೇ ಗೇಲಿಮಾಡುವ ಈ ಹಾಡುಗಳನ್ನು ಕೇಳುತ್ತಿದ್ದಂತೆ ಆ ವೃದ್ಧರ ಪ್ರಶ್ನೆ ಬೇರೊಂದು ಅರ್ಥದಲ್ಲಿ ನನ್ನೆದುರು ನಿಂತಿತು. ಅಣಕವಾಡಿನ ಗುಣವನ್ನು ಅಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇರಲಾರದೆಂದು ಈಗ ನನಗೆ ತೋರುತ್ತದೆ.

*

ಬ್ರಾಡ್‌ವೇ ಎಂಬುದು ನ್ಯೂಯಾರ್ಕಿನ ಒಂದು ಬೀದಿಯ ಹೆಸರು; ಆದರೆ ರಂಗಭೂಮಿಯವರ ಬಾಯಲ್ಲಿ ಅದು ಒಂದು ಪದವಿಯ ಹೆಸರು. ಮ್ಯಾನ್‌ಹಾಟನ್ನಿನ ನಾಟಕ ಪ್ರಾಂತದಲ್ಲಿರುವ, 500ಕ್ಕೆ ಕಡಮೆಯಿಲ್ಲದ ಆಸನಗಳುಳ್ಳ 41 ರಂಗಮಂದಿರಗಳಿಗೆ ಮಾತ್ರ ಆ ಪದವಿ ಸಲ್ಲುತ್ತದೆ. ಅಲ್ಲಿ ವೈಭವದಿಂದ ನಡೆಯುವ ಸಂಗೀತ ನಾಟಕಗಳೇ ‘ಮ್ಯೂಸಿಕಲ್’ಗಳು. ಜೆರಾರ್ಡ್ ಅಲೆಸ್ಸಾಂಡ್ರಿನಿ ಎಂಬ, ಆಗಿನ್ನೂ ಹೆಸರು ಬಾರದ ನಟ–ಗಾಯಕ ತನಗೂ ತನ್ನ ಗೆಳೆಯರಿಗೂ ಕೆಲಸ ಕಲ್ಪಿಸಿಕೊಳ್ಳಲೆಂದು, ಈ ಮ್ಯೂಸಿಕಲ್‌ಗಳ ಹಾಡುಗಳಿಗೆ ಗೇಲಿಯ ಪದಗಳನ್ನು ಕಟ್ಟಿದ. 1982ರ ಜನವರಿ 15ರಂದು ಪಶ್ಚಿಮ 72ನೆಯ ಬೀದಿಯ ಒಂದು ಊಟದ ಕ್ಲಬ್ಬಿನ ಪುಟ್ಟ ವೇದಿಕೆಯ ಮೇಲೆ ಅವು ಮೊದಲ ಬಾರಿಗೆ ಕೇಳಿಬಂದವು. ಒಂದು ಪಿಯಾನೊ, ಬೆರಳೆಣಿಕೆಯ ಗಾಯಕ ನಟರು, ಒಂದಷ್ಟು ಟೋಪಿಗಳು, ಒಂದಷ್ಟು ಕೃತಕ ಕೇಶ, ಬಂಡವಾಳವೆಲ್ಲ ಇಷ್ಟೇ. ಆ ಮೊದಲ ಆವೃತ್ತಿ 2,332 ಪ್ರದರ್ಶನಗಳನ್ನು ಕಂಡಿತು. ಬ್ರಾಡ್‌ವೇಗೆ ಹೊಸ ನಾಟಕಗಳು ಬಂದಂತೆ ಹಳೆಯ ಹಾಡುಗಳನ್ನು ಬಿಟ್ಟು ಹೊಸವನ್ನು ಸೇರಿಸುತ್ತ, ಹೊಸ ಹೊಸ ಹೆಸರುಗಳಲ್ಲಿ ಅದು ಮುಂದುವರಿಯಿತು. 2024ರಲ್ಲಿಯೂ ಒಂದು ಹೊಸ ಆವೃತ್ತಿ ರಂಗಕ್ಕೆ ಬಂದಿತ್ತು.

ಗೇಲಿಯ ವಿಷಯಗಳು ಮುಖ್ಯವಾಗಿ ಮೂರು. ಮೊದಲನೆಯದು, ಯಂತ್ರ ಮತ್ತು ಹಣ. ವಿಕ್ಟರ್ ಹ್ಯೂಗೊನ ಕಾದಂಬರಿಯನ್ನು ಆಧರಿಸಿದ ‘ಲೆ ಮಿಸೆರಾಬ್ಲ್’ ನಾಟಕ 1987ರಲ್ಲಿ ಬ್ರಾಡ್‌ವೇಗೆ ಬಂದಾಗ ಅದರ ತಿರುಗುವ ರಂಗ ಎಲ್ಲರ ಬಾಯಲ್ಲಿಯೂ ಇತ್ತು. ಪಾತ್ರಗಳು ನಡೆಯುತ್ತಲೇ ಇರುತ್ತವೆ. ಕಾಲ ಕೆಳಗಿನ ನೆಲ ಸುತ್ತುತ್ತಲೇ ಇರುತ್ತದೆ. ಅಲೆಸ್ಸಾಂಡ್ರಿನಿಯ ನಟರಿಗೆ ತಿರುಗುವ ರಂಗವೆಲ್ಲಿಂದ ಬರಬೇಕು? ಅವರು ನಿಂತಲ್ಲಿಯೇ ಹೆಜ್ಜೆ ಹಾಕಿ, ಮೈಯನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ, ಇಲ್ಲದ ಯಂತ್ರವನ್ನು ಇದೆಯೆನ್ನಿಸಿದರು. ನಾಟಕದ ಉದ್ದವನ್ನು ಕುರಿತು ಗೊಣಗುತ್ತ ನಾಟಕದ್ದೇ ಮಟ್ಟಿನಲ್ಲಿ ಹಾಡಿದರು. ನಗೆ ಬರುವುದು ಸಹಜ. ಆದರೆ ನಗೆಯ ಹಿಂದೆ ಒಂದು ವಾದವೂ ಉಂಟು. ಅಪಾರ ಖರ್ಚಿನ ಯಂತ್ರ ಮಾಡುವ ಕೆಲಸವನ್ನು ಬಲ್ಲ ನಟರು ಬರಿಗಾಲಿನಲ್ಲಿ ಮಾಡಿ ತೋರಿಸಬಹುದಾದರೆ, ಆ ಯಂತ್ರವೇಕೆ? ಯಾವ ವಿಮರ್ಶಕ ಈ ಮಾತನ್ನು ಎಷ್ಟು ಅಂಕಣಗಳಲ್ಲಿ ಬರೆದರೂ ಇಷ್ಟು ಚೆನ್ನಾಗಿ ಮನದಟ್ಟಾಗದು.

ಎರಡನೆಯದು, ಹಾಡುವ ರೀತಿ. ಎಥೆಲ್ ಮರ್ಮನ್ ಎಂಬ ಗಾಯಕಿ ಧ್ವನಿವರ್ಧಕದ ಹಂಗಿಲ್ಲದೆ ಇಡೀ ರಂಗಮಂದಿರವನ್ನು ತುಂಬುತ್ತಿದ್ದವಳು, 1984ರಲ್ಲಿ ತೀರಿಕೊಂಡಳು. ಆಕೆಯ ಪಾತ್ರವನ್ನು ಅಣಕದಲ್ಲಿ ತಂದು, 1988ರಲ್ಲಿ ಬ್ರಾಡ್‌ವೇಗೆ ಬಂದ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ನಾಟಕದ ಮುಖವಾಡದ ನಾಯಕನಿಗೆ ಎದುರಾಗಿ ನಿಲ್ಲಿಸಿದ್ದಾನೆ ಅಲೆಸ್ಸಾಂಡ್ರಿನಿ. ಧ್ವನಿವರ್ಧಕವನ್ನು ನಂಬಿದ ಮೆಲುದನಿಯವನಿಗೆ ಗಂಟಲು ಬಿಚ್ಚಿ ಹಾಡುವುದನ್ನು ಕಲಿಸಲು ಆಕೆ ಹೊರಡುತ್ತಾಳೆ. ಇಲ್ಲಿ ಗೇಲಿ ಯಾರದು? ಮರ್ಮನ್ನಳ ಗಟ್ಟಿ ಗಂಟಲಿನದೂ ಹೌದು, ಅವನ ಮೆಲುದನಿಯದೂ ಹೌದು. ಆದರೆ ಎರಡರ ನಡುವೆ ಕಳೆದುಹೋದುದೊಂದುಂಟು: ಮನುಷ್ಯನ ಕಂಠ ಯಾವ ತಂತಿಯ ಮಧ್ಯಸ್ಥಿಕೆಯೂ ಇಲ್ಲದೆ ಕಡೆಯ ಸಾಲಿನವನನ್ನು ಮುಟ್ಟುತ್ತಿದ್ದ ಕಾಲ. ನಗುತ್ತ ನಗುತ್ತಲೇ ಆ ಕಾಲಕ್ಕಾಗಿ ಒಂದು ನಿಟ್ಟುಸಿರು ಬಂದುಬಿಡುತ್ತದೆ.

ಮೂರನೆಯದು, ಈ ಉದ್ಯೋಗ ಮನುಷ್ಯರನ್ನು ನಡೆಸಿಕೊಳ್ಳುವ ಬಗೆ. 1977ರ ‘ಆ್ಯನಿ’ ನಾಟಕದಲ್ಲಿ ಅನಾಥ ಬಾಲೆಯೊಬ್ಬಳು ನಾಳೆಯನ್ನು ನಂಬಿ ಹಾಡುವ ಹಾಡು ಲೋಕಪ್ರಸಿದ್ಧ. ಅಣಕದಲ್ಲಿ ಅದೇ ಕೆಂಪು ಉಡುಪಿನ, ಅದೇ ಗುಂಗುರು ಕೂದಲಿನ ಆ್ಯನಿ ಬೆರಳ ನಡುವೆ ಸಿಗರೇಟು ಹಿಡಿದು ಬರುತ್ತಾಳೆ. ಆಕೆಗೆ ಮೂವತ್ತು ತುಂಬುತ್ತಿದೆ. ಬಾಲನಟಿಗೆ ಬೇರೆ ಪಾತ್ರವನ್ನು ಯಾರೂ ಕೊಡುತ್ತಿಲ್ಲ. ಮಟ್ಟಿನಲ್ಲಿ ಒಂದು ಸ್ವರವೂ ಬದಲಾಗಿಲ್ಲ. ಆದರೆ ಮೂಲದಲ್ಲಿ ಭರವಸೆಯಾಗಿದ್ದ ನಾಳೆ ಇಲ್ಲಿ ಭಯವಾಗಿದೆ. ‘ದಿ ಲಯನ್ ಕಿಂಗ್’ ನಾಟಕದ ಮುಖವಾಡಗಳ ಸೊಬಗನ್ನು ಲೋಕವೆಲ್ಲ ಹೊಗಳಿದಾಗಲೂ ಹೀಗೆಯೇ ಆಯಿತು. ಅಣಕದ ನಟರು ಅವನ್ನು ತಲೆಯ ಮೇಲೆ ಹೊತ್ತವರ ಕತ್ತುನೋವನ್ನು ಹಾಡಿದರು.

ಅಣಕವಾಡಿನ ಶಕ್ತಿಯ ಗುಟ್ಟು ಇಲ್ಲಿಯೇ ಇದೆ. ಗದ್ಯದಲ್ಲಿ ವಿಮರ್ಶೆ ಬರೆಯುವವನು ಹೊರಗಿನಿಂದ ದೋಷವನ್ನು ಹೇಳುತ್ತಾನೆ. ನಂಬುವುದೂ ಬಿಡುವುದೂ ಓದುಗನಿಗೆ ಬಿಟ್ಟದ್ದು. ಅಣಕವಾಡು ಹಾಗಲ್ಲ. ಅದರಲ್ಲಿ ಆರೋಪಿಯೇ ಬಂದು ಫಿರ್ಯಾದಿಯ ಪರವಾಗಿ ಸಾಕ್ಷಿ ನುಡಿಯುತ್ತಾನೆ. ಮಟ್ಟು ಮೂಲದ್ದು, ನಡಿಗೆ ಮೂಲದ್ದು, ಉಸಿರು ತೆಗೆದುಕೊಳ್ಳುವ ತಾಣವೂ ಮೂಲದ್ದೇ. ಪದ ಮಾತ್ರ ಹೊಸದು. ಕೇಳುವವನ ಕಿವಿಯಲ್ಲಿ ಎರಡು ಹಾಡುಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ; ಅವುಗಳ ಘರ್ಷಣೆಯೇ ನಗೆ.

ಹಾಗೆಂದು ಈ ಪ್ರದರ್ಶನದಲ್ಲಿ ಎಲ್ಲವೂ ಚಿನ್ನವಲ್ಲ. ಕೆಲವೆಡೆ ನಟಿಯರ ವಯಸ್ಸನ್ನು ಆಡಿಕೊಳ್ಳುವುದೇ ಹಾಸ್ಯವಾಗಿಬಿಡುತ್ತದೆ. ಅದಕ್ಕೆ ಹಾಡೇ ಬೇಕಿಲ್ಲ, ಹರಟೆಕಟ್ಟೆ ಸಾಕು. ಮೂಲ ನಾಟಕ ಮರೆತುಹೋದರೆ ಅಣಕವೂ ಅರ್ಥಹೀನವಾಗುತ್ತದೆ. ನನಗೆ ಮೂಲ ಗೊತ್ತಿಲ್ಲದ ಹಾಡುಗಳಲ್ಲಿ ಪಿಯಾನೊ ಕೇಳಿಸಿತೇ ಹೊರತು ನಗೆ ಬರಲಿಲ್ಲ. ಬದನಿಕೆ ಎಷ್ಟೇ ಹಸುರಾಗಿದ್ದರೂ ಅದು ಮರವನ್ನು ನೆಚ್ಚಿಕೊಂಡದ್ದು. ಇನ್ನೊಂದು ಮಾತು: ಗೇಲಿಮಾಡುವವನೂ ಬಹುಕಾಲ ಬದುಕಿದರೆ ಪೀಠಸ್ಥನಾಗುತ್ತಾನೆ. 2006ರಲ್ಲಿ ಬ್ರಾಡ್‌ವೇಯ ಪರಮ ಪುರಸ್ಕಾರವಾದ ಟೋನಿ ಮಂಡಲಿಯೇ ಈ ಪ್ರದರ್ಶನಕ್ಕೆ ವಿಶೇಷ ಗೌರವ ನೀಡಿತು. ನಮ್ಮನ್ನು ಇನ್ನೂ ಏಕೆ ಅಣಕಿಸಲಿಲ್ಲ ಎಂದು ತಾರೆಯರೇ ಕೊರಗುವ ಕಾಲ ಬಂದಮೇಲೆ ಅಣಕದ ಮೊನೆ ತುಸು ಮೊಂಡಾಗದೆ ಇರುವುದಿಲ್ಲ.

ಆದರೂ ಒಂದು ಗುಣದಿಂದಾಗಿ ಈ ದೋಷಗಳನ್ನೆಲ್ಲ ಮನ್ನಿಸಬಹುದು. ಆ ಗಾಯಕರು ಹಾಡಬಲ್ಲವರು. ಮರ್ಮನ್ನಳನ್ನು ಅಣಕಿಸುವಾಕೆಗೆ ಮರ್ಮನ್ನಳ ಗಂಟಲುಂಟು. ಫ್ಯಾಂಟಮ್ಮನನ್ನು ಅಣಕಿಸುವವನು ನಾಳೆ ಆ ಪಾತ್ರಕ್ಕೇ ನಿಂತರೂ ಸಭೆ ಎದ್ದುಹೋಗದು. ನಮ್ಮ ಹಾರ್ಮೋನಿಯಂ ವೃದ್ಧರು ಆ ಕ್ಲಬ್ಬಿಗೆ ಹೋಗಿ “ಅಸಲು ಹಾಡು” ಎಂದು ಕೇಳಿದ್ದರೆ ಅವರು ಹಲ್ಲುಗಿಂಜುತ್ತಿರಲಿಲ್ಲ, ಹಾಡಿಬಿಡುತ್ತಿದ್ದರು.

*

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಕ್ರಿಸ್ತಪೂರ್ವ 405ರಲ್ಲಿ ಅರಿಸ್ಟೊಫೇನೀಸ್ ತನ್ನ ‘ಕಪ್ಪೆಗಳು’ ನಾಟಕದಲ್ಲಿ ಇಬ್ಬರು ಮಹಾಕವಿಗಳನ್ನು ಪಾತಾಳದಲ್ಲಿ ಎದುರುಬದುರಾಗಿ ನಿಲ್ಲಿಸಿ, ಒಬ್ಬರ ಗೀತೆಗಳನ್ನು ಇನ್ನೊಬ್ಬರಿಂದ ಅಣಕಿಸಿದ. ಲಂಡನ್ನಿನಲ್ಲಿ 1728ರ ಜನವರಿಯಲ್ಲಿ ಜಾನ್ ಗೇ ಬರೆದ ‘ದಿ ಬೆಗ್ಗರ್ಸ್ ಆಪೆರಾ’ ರಂಗಕ್ಕೆ ಬಂದಿತು. ಸಿರಿವಂತರು ಇಟಾಲಿಯನ್ ಆಪೆರಾದ ಮೋಹದಲ್ಲಿ ಮುಳುಗಿದ್ದ ಕಾಲ ಅದು. ಗೇ ದೇವತೆಗಳ, ರಾಜರ ಸ್ಥಾನದಲ್ಲಿ ಕಳ್ಳರನ್ನೂ ಕಳ್ಳಮಾಲಿನ ವ್ಯಾಪಾರಿಯನ್ನೂ ಕೂರಿಸಿ, ಜನರ ಬಾಯಲ್ಲಿದ್ದ ಮಟ್ಟುಗಳಿಗೆ ಹೊಸ ಪದ ಹಾಕಿದ. ಹಾಡುಗಳು 69. ಹ್ಯಾಂಡೆಲ್ ತನ್ನ ಆಪೆರಾವೊಂದರಲ್ಲಿ ರಚಿಸಿದ್ದ ದಂಡಯಾತ್ರೆಯ ಗತ್ತಿನ ಮಟ್ಟಿಗೆ ಇಲ್ಲಿ ದಾರಿಗಳ್ಳರು ದರೋಡೆಗೆ ಹೊರಡುತ್ತಾರೆ! ಕಡೆಯಲ್ಲಿ ಗಲ್ಲಿಗೇರಬೇಕಾದ ಕಳ್ಳನಾಯಕ ಬದುಕಿಕೊಳ್ಳುತ್ತಾನೆ; ಆಪೆರಾ ಎಂದಮೇಲೆ ಮಂಗಳಾಂತವಾಗಲೇಬೇಕಲ್ಲ, ಅದಕ್ಕೆ. ಮೊದಲ ಹಂಗಾಮಿನಲ್ಲಿಯೇ ಅದು 62 ರಾತ್ರಿ ನಡೆದದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಅದೇ ವರ್ಷ ಹ್ಯಾಂಡೆಲನ ಆಪೆರಾ ಸಂಸ್ಥೆ ಮುಚ್ಚಿತು. ಅಣಕವೇ ಅದನ್ನು ಕೊಂದಿತೆಂಬ ಮಾತು ಹಬ್ಬಿತು. ಆದರೆ ಅದರ ಲೆಕ್ಕದ ಪುಸ್ತಕ ಅದಕ್ಕೆ ಮುಂಚೆಯೇ ಬಡವಾಗಿತ್ತು. ಹ್ಯಾಂಡೆಲ್ ಆಮೇಲೆಯೂ 1741ರವರೆಗೆ ಆಪೆರಾಗಳನ್ನು ರಚಿಸಿದ. ಜೀವವಿರುವ ಕಲೆ ಅಣಕದಿಂದ ಸಾಯುವುದಿಲ್ಲ.

ಇನ್ನೊಬ್ಬರ ಮಟ್ಟನ್ನು ಹೀಗೆ ಎತ್ತಿಕೊಳ್ಳುವುದು ಕಳ್ಳತನವಲ್ಲವೆ ಎಂದು ಕೇಳಬಹುದು. ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಗಂಭೀರವಾಗಿಯೇ ವಿಚಾರಿಸಿವೆ. ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆ ಪ್ರಸಿದ್ಧ ಗೀತೆಗಳಿಗೆ ಅಣಕದ ಪದಗಳನ್ನು ಕಟ್ಟಿ, ಇದು ಇಂಥ ಹಾಡಿನ ಮಟ್ಟು ಎಂದು ಸೂಚಿಸಿ ಅಚ್ಚುಹಾಕಿತು. ಅರ್ವಿಂಗ್ ಬರ್ಲಿನ್ ಮೊದಲಾದ ಹಕ್ಕುದಾರರು ದಾವೆ ಹೂಡಿದರು. 1964ರಲ್ಲಿ ಮೇಲಿನ ನ್ಯಾಯಾಲಯ ಪತ್ರಿಕೆಯ ಪರವಾಗಿ ತೀರ್ಪಿತ್ತಿತು. 1994ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಂದು ಸೂಕ್ಷ್ಮ ಭೇದವನ್ನು ಎತ್ತಿ ತೋರಿಸಿತು. ಮೂಲ ಕೃತಿಯನ್ನೇ ಕುರಿತು ಏನನ್ನೋ ಹೇಳಬಯಸುವವನು ಆ ಕೃತಿಯನ್ನು ಸ್ವಲ್ಪ ಎತ್ತಿಕೊಳ್ಳದೆ ಗತಿಯಿಲ್ಲ. ಬೇರಾವುದನ್ನೋ ಹೇಳುವುದಕ್ಕೆ ಅದನ್ನು ಎರವಲು ತರುವವನು ಮಾತ್ರ ತನ್ನ ಎರವಲಿಗೆ ಬೇರೆ ಸಮರ್ಥನೆ ಕೊಡಬೇಕು.

ಈ ಭೇದವನ್ನು ಕನ್ನಡಿಗರು ಸುಲಭವಾಗಿ ತಿಳಿಯಬಲ್ಲರು. ನಮ್ಮ ಹಳೆಯ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಬರೆದಿರುವುದುಂಟು. ಅದು ಎರವಲು, ಅಲ್ಲಿ ಅಣಕದ ಮಾತೇ ಇಲ್ಲ. ಕೈಲಾಸಂ ಅವರು ‘ಟಿಪ್ಪರರಿ’ಯ ಇಂಗ್ಲಿಷ್ ಹಾಡಿನ ಮಟ್ಟನ್ನು ಹಿಡಿದು ತಿಪ್ಪಾರಹಳ್ಳಿಯ ಹಾಡು ಕಟ್ಟಿದಾಗ, ನಗೆ ಹುಟ್ಟಿದ್ದು ಸಿಪಾಯಿಗಳ ಹಾಡು ನಮ್ಮ ಹಳ್ಳಿಯ ದಾರಿ ಹಿಡಿದುದರಿಂದ, ಮೂಲದ ಹಾಡನ್ನು ಹಳಿಯುವುದು ಅವರ ಉದ್ದೇಶವಲ್ಲ. ಸಂಗೀತ ನಾಟಕವನ್ನು ಅದರ ಸಂಗೀತದಿಂದಲೇ ವಿಮರ್ಶಿಸುವ ಕೆಲಸ ಇವೆರಡಕ್ಕಿಂತ ಬೇರೆ, ಮತ್ತು ಕಷ್ಟವಾದುದು.

*

ನಮ್ಮಲ್ಲಿ ಆ ಕೆಲಸ ನಡೆಯಿತೆ?

ಗೇಲಿಗೇನೂ ಕೊರತೆಯಿರಲಿಲ್ಲ. ಕಂಪನಿ ನಾಟಕದಲ್ಲಿ ಗೇಲಿಗೆ ತಕ್ಕ ವಸ್ತುವೂ ಹೇರಳವಾಗಿತ್ತು. ಗುಬ್ಬಿ ಕಂಪನಿಯ 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ನಿಜವಾಗಿಯೇ ರಂಗಕ್ಕೆ ಬಂದವು. ಮಾತಿಗೊಂದು ಹಾಡು, ಹಾಡಿಗೊಂದು ‘ವನ್ಸ್ ಮೋರ್’. ಅಲೆಸ್ಸಾಂಡ್ರಿನಿಯಂಥವನೊಬ್ಬನಿಗೆ ಒಂದು ಜನ್ಮಕ್ಕಾಗುವಷ್ಟು ಸಾಮಗ್ರಿ ಅಲ್ಲಿತ್ತು. ಕಂಪನಿಯವರು ನಗೆಗೆ ಹೆದರುವವರೂ ಅಲ್ಲ; ಗುಬ್ಬಿ ವೀರಣ್ಣನವರು ಕಂಪನಿಯ ಒಡೆಯರಾಗಿದ್ದುಕೊಂಡೇ ಹಾಸ್ಯನಟರಾಗಿ ಮೆರೆದವರು, ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದವರು. ಗೇಲಿಮಾಡಲು ಹೊರಟವರಾದರೋ, ನನ್ನಂಥ ಓದಿದ ಹುಡುಗರು. ನಮಗೆ ಕಂಡದ್ದು ಜರಿಯ ಪೋಷಾಕು, ಅರಚಾಟ, ಸತ್ತು ಏಳುವ ರಾಜ. ವರದಾಚಾರ್ಯರಂಥವರ ಒಂದು ಕಂದಪದ್ಯವನ್ನು ಕೇಳಲು ಜನ ಏಕೆ ರಾತ್ರಿಯೆಲ್ಲ ಕೂತರು, ‘ವನ್ಸ್ ಮೋರ್’ ಎಂದವನು ಹುಚ್ಚನೋ ರಸಿಕನೋ, ನಾಟಕದ ಭ್ರಮೆ ಮುರಿದರೂ ಚಿಂತೆಯಿಲ್ಲ, ಆ ಸಂಗತಿಯನ್ನು ಇನ್ನೊಮ್ಮೆ ಕೇಳಬೇಕು ಎನ್ನಿಸುವಂಥದು ಆ ಹಾಡಿನಲ್ಲಿ ಏನಿತ್ತು ಎಂದು ನಾವು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ನಮ್ಮ ಅಣಕವೂ ಚೆನ್ನಾಗುತ್ತಿತ್ತು.

ಕಂಪನಿಗಳ ವೈಭವ ಇಳಿದುದು ನಮ್ಮ ಗೇಲಿಯಿಂದಲ್ಲ. ಅಷ್ಟು ಶಕ್ತಿ ನಮಗೆಲ್ಲಿ? 1934ರಲ್ಲಿ ‘ಸತಿ ಸುಲೋಚನಾ’ ಬಂದು ಕನ್ನಡದ ಮಾತಿನ ಚಿತ್ರ ಹುಟ್ಟಿತು. ಕಂಪನಿಯ ನಟರೂ ಕಥೆಗಳೂ ಕ್ರಮೇಣ ಅತ್ತ ನಡೆದವು. ದೊಡ್ಡ ಪರಿವಾರವನ್ನು ಊರಿಂದೂರಿಗೆ ಸಾಗಿಸಿ ಸಾಕುವ ಖರ್ಚು ಬೆಳೆಯಿತು. ಆದರೆ ನಮ್ಮ ಗೇಲಿ ಬೇರೊಂದು ಹಾನಿಯನ್ನು ಮಾಡಿತೆಂದು ನನ್ನ ನಂಬಿಕೆ. ಅದು ಓದಿದವರ ಕಿವಿಯನ್ನು ಮುಚ್ಚಿತು. ನಕ್ಕಮೇಲೆ ಇನ್ನು ಕೇಳಬೇಕಾದ್ದೇನಿದೆ ಎಂಬ ಸಮಾಧಾನವನ್ನು ಅದು ನಮಗೆ ಕೊಟ್ಟುಬಿಟ್ಟಿತು. ಆ ಸಮಾಧಾನದಲ್ಲಿ ಎಷ್ಟೋ ಹಾಡುಗಳು ಅವನ್ನು ಬಲ್ಲವರೊಡನೆಯೇ ಹೋದವು.

ಕಿವಿ ಮುಚ್ಚದಿದ್ದವರೂ ಇದ್ದರು. ಬಿ. ವಿ. ಕಾರಂತರು (1929–2002) ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಮುಂದೆ ಕಾಶಿಯಲ್ಲಿಯೂ ದೆಹಲಿಯಲ್ಲಿಯೂ ಕಲಿತು ಆಧುನಿಕ ನಿರ್ದೇಶಕರಾದಾಗ, ತಾವು ಬೆಳೆದ ಡೇರೆಯ ಸಂಗೀತವನ್ನು ಅವರು ನಾಚಿಕೆಯಿಂದ ಬಚ್ಚಿಡಲಿಲ್ಲ. ಅದರ ವರಸೆಗಳನ್ನು ಹೊಸ ರಂಗಕ್ಕೆ ತಂದರು. ಬೇಕಾದಲ್ಲಿ ಅದರೊಡನೆ ಚೇಷ್ಟೆಯನ್ನೂ ಮಾಡಿದರು. ಮಠದ ರಾಜಕೀಯವನ್ನು ಬಯಲಿಗೆಳೆಯುವ ‘ಸತ್ತವರ ನೆರಳು’ ನಾಟಕದಲ್ಲಿ ಅವರು ಪುರಂದರದಾಸರ ಪದಗಳನ್ನು ಬಳಸಿದ ಬಗೆಯನ್ನು ನೆನೆಯಿರಿ. ದಾಸರ ಪದ ದಾಸರದ್ದಾಗಿಯೇ ಉಳಿಯುತ್ತದೆ. ಅದನ್ನು ನಿಲ್ಲಿಸಿದ ಸಂದರ್ಭದಿಂದ, ತೊಡಿಸಿದ ಹೊಸ ಮಟ್ಟಿನಿಂದ ಅದು ವ್ಯಂಗ್ಯವಾಗಿ ಕುಟುಕುತ್ತದೆ. ಆದರೂ ಪದದ ಭಕ್ತಿಗೆ ಒಂದು ಗೀರೂ ಬೀಳುವುದಿಲ್ಲ. ಹಾಡಿನ ಒಳಹೊರಗನ್ನು ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಕೆಲಸ ಇದು.

ಈಗ ಪ್ರಹಸನಗಳಲ್ಲಿ, ದೂರದರ್ಶನದ ನಗೆ ಕಾರ್ಯಕ್ರಮಗಳಲ್ಲಿ ಕಂಪನಿ ನಾಟಕದ ಅಣಕ ಮತ್ತೆ ಮತ್ತೆ ಕಾಣುತ್ತದೆ. ಹೆಚ್ಚಿನವು ನಾವು ಅಂದು ಆಡಿದಂಥವೇ: ಕಿರೀಟ ಜಾರುತ್ತದೆ, ಮೀಸೆ ಬೀಳುತ್ತದೆ, ರಾಜ ಅರಚುತ್ತಾನೆ. ನೋಡುವವರಿಗೆ ಮೂಲವೇ ಗೊತ್ತಿಲ್ಲದಿರುವುದರಿಂದ ಅದು ಅಣಕವೂ ಅಲ್ಲ, ಬರಿಯ ಅರಚಾಟ. ಇಂಥವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ನಗೆಗೆ ಪರವಾನಗಿ ಕೇಳುವ ಸಮಾಜ ಒಳ್ಳೆಯದಲ್ಲ. ಕಂಪನಿ ಹಾಡುಗಳನ್ನು ಇಂದಿಗೂ ಕಲಿತು ಹಾಡುತ್ತಿರುವ ಕಲಾವಿದರು ನಮ್ಮ ನಡುವೆ ಇದ್ದಾರೆ. ಅಣಕ ಮಾಡುವ ಯುವಕರು ಅವರಲ್ಲಿ ಒಬ್ಬರ ಮನೆಗೆ ಹೋಗಿ ಒಂದೇ ಒಂದು ಹಾಡನ್ನು ಕಲಿತು ಬಂದರೆ ಅಷ್ಟು ಸಾಕು. ಆಮೇಲೆ ಅವರು ಎಷ್ಟು ಬೇಕಾದರೂ ಗೇಲಿಮಾಡಲಿ. ಆ ಗೇಲಿಯಲ್ಲಿ ನಿಜವಾದ ದೋಷ ಎತ್ತಿಹಿಡಿದಂತೆಯೂ ಆಗುತ್ತದೆ, ಹಾಡು ಉಳಿದಂತೆಯೂ ಆಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಸಾಯುವ ರಾಜನ ಹಾಡನ್ನು ಕಲಿಯಲು ಆಮೇಲೆ ಎರಡು ಮೂರು ಸಲ ಪ್ರಯತ್ನಿಸಿದೆ. ಪಲ್ಲವಿಯ ಎರಡನೆಯ ಸಾಲಿನಲ್ಲಿ ಮೇಲಕ್ಕೇರುವ ಒಂದು ಸಂಗತಿ ಈಗಲೂ ನನ್ನ ಗಂಟಲಿಗೆ ಸಿಕ್ಕಿಲ್ಲ. ಅಂದು ನಾನು ಕುರಿಯಂತೆ ಅರಚಿದ್ದು ಸರಿಯಾಗಿ ಆ ಜಾಗದಲ್ಲಿಯೇ.